ಒಂದೂ ಕಿವಿ ಇಲ್ಲದ ಚಿತ್ರ

ಎಸ್ಸುಮನ್‌ಗೆ ಆ ಶನಿವಾರ ಬಂದ ಗಂಡಾಂತರಕ್ಕೆಲ್ಲ ಮೂಲ, ಕ್ಷೌರದಂಗಡಿಯ ಬಾಗಿಲಿಗೆ ಅವನೇ ಅಂಟಿಸಿದ ಕಾಗದದ ಕೊನೆಯ ಸಾಲು. ಮೇಲಿನ ಸಾಲುಗಳಲ್ಲಿ ತಪ್ಪೇನೂ ಇರಲಿಲ್ಲ. ಅಬುರಾಸೊ ಊರಿನ ಹಳೆಯ ರೈಲು ಜಾಗಗಳಿಗೆ ಛಾಯಾಚಿತ್ರ ಸಂಘದ ಪ್ರವಾಸ. ಮೊದಲು ನೀರಿನ ತೊಟ್ಟಿ, ಆಮೇಲೆ ಕಬ್ಬಿಣದ ಸೇತುವೆ, ಕೊನೆಗೆ ಸ್ಟೇಷನ್ ಎಂದಷ್ಟೇ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅವನೂ ಸಂಘದ ಉಳಿದ ನಾಲ್ವರೂ ತಣ್ಣಗೆ ಹೋಗಿ ಬರುತ್ತಿದ್ದರು. ಆದರೆ ಕಾಗದದ ತಳದಲ್ಲಿ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಮನುಷ್ಯ ಮರ್ಯಾದಸ್ಥ. ಅಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದುಬಿಟ್ಟ.

ಊರವರು ‘ಮೇಷ್ಟ್ರು’ ಎಂದು ಕರೆಯುವ ಎಸ್ಸುಮನ್‌ನದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿ. ಹಿಂದೆ ಬಿಳಿ ಬಟ್ಟೆ, ಮುಂದೆ ಮುಕ್ಕಾಲಿ, ಮುಕ್ಕಾಲಿಯ ಮೇಲೆ ಯಾರಾದರೊಬ್ಬರು. ಗದ್ದ ಮೇಲೆ, ನಗಬಾರದು, ಎರಡೂ ಕಿವಿ ಕಾಣಬೇಕು. ಒಂದೇ ಕಿವಿ ಕಂಡರೆ ಮನುಷ್ಯ ಯಾರೆಂದು ಸರ್ಕಾರಕ್ಕೆ ಗುರುತು ಸಿಗುವುದಿಲ್ಲ, ಫೋಟೋ ಹಿಂದಕ್ಕೆ ಬರುತ್ತದೆ. ಹೀಗೆ ಹೇಳಿ ಹೇಳಿ ಅವನು ಊರಿನ ಎಲ್ಲ ಕಿವಿಗಳನ್ನೂ ತೆಗೆದು ಮುಗಿಸಿದ್ದ. ಈಗೀಗ ಕನಸಿನಲ್ಲೂ ಸಂತೆಯಲ್ಲಿ ಒಣಹಾಕಿದ ಮೀನಿನಂತೆ ಸಾಲುಸಾಲು ಕಿವಿಗಳು ಬರುತ್ತಿದ್ದವು. ಸಾಯುವುದರೊಳಗೆ ಒಂದೇ ಒಂದು ಕಿವಿಯೂ ಇಲ್ಲದ ಚಿತ್ರ ತೆಗೆಯಬೇಕೆಂಬುದು ಅವನ ದೊಡ್ಡ ಆಸೆ.

ಆಸೆಯ ಜೊತೆಗೆ ಒಂದು ಹಟವೂ ಸೇರಿಕೊಂಡಿತ್ತು. ರೈಲು ನಿಂತುಹೋದ ಊರಿನಲ್ಲಿ ಸ್ಟೇಷನ್ ಯಾಕೆ, ಅದನ್ನು ಕೆಡವಿ ಲಾರಿ ನಿಲ್ದಾಣ ಮಾಡೋಣ ಎಂದು ಪಟ್ಟಣದ ಕಚೇರಿಯವರು ಹೊರಟಿದ್ದರು. ಎಸ್ಸುಮನ್ ಹುಟ್ಟಿದ್ದು ಆ ಸ್ಟೇಷನ್ನಿನ ಬೆಂಚಿನ ಮೇಲೆ. ಅವನ ತಾಯಿ ಆಸ್ಪತ್ರೆಗೆಂದು ಗಾಡಿ ಕಾಯುತ್ತ ಕೂತಿದ್ದಳು, ಗಾಡಿಗಿಂತ ಮೊದಲು ಮಗ ಬಂದ. ತನ್ನ ತೊಟ್ಟಿಲನ್ನೇ ಕೆಡವುತ್ತಾರೆಂದು ಕೇಳಿ, ಊರಸಭೆಯಲ್ಲಿ ಎದ್ದು ನಿಂತು ಆ ಕಚೇರಿಯ ಇಂಜಿನಿಯರ್ ಡೊಂಕೋರ್‌ಗೆ ಸವಾಲು ಹಾಕಿದ್ದ.

“ಶನಿವಾರ ಸಂಜೆ ಸ್ಟೇಷನ್ನಿಗೆ ಬನ್ನಿ ಸಾಹೇಬ್ರೇ. ಒಂದೇ ಒಂದು ಚಿತ್ರ ತೋರಿಸ್ತೀನಿ. ಅದನ್ನ ನೋಡಿದ ಮೇಲೂ ಕೆಡವೋ ಮನಸ್ಸಾದ್ರೆ, ಮೊದಲನೇ ಸುತ್ತಿಗೆ ಏಟು ನಾನೇ ಹಾಕ್ತೀನಿ.”

ಬರುತ್ತೇನೆ ಎಂದಿದ್ದ ಡೊಂಕೋರ್.

ಶನಿವಾರ ಬೆಳಿಗ್ಗೆ ಜೇಬುಗಳೇ ತುಂಬಿದ್ದ ಖಾಕಿ ಕೋಟು ತೊಟ್ಟು, ಟೋಪಿ ಇಟ್ಟು, ಮೂರು ಕಾಲಿನ ಸ್ಟ್ಯಾಂಡ್ ಹೆಗಲಿಗೇರಿಸಿ ಎಸ್ಸುಮನ್ ಬಾಗಿಲು ತೆರೆದರೆ, ಬೀದಿಯೆಲ್ಲ ಹಳದಿ. ಅರ್ಧ ಊರೇ ಬಂದು ನಿಂತಿತ್ತು. ಹೆಂಗಸರು, ಗಂಡಸರು, ಬೆನ್ನಿಗೆ ಕಟ್ಟಿದ ಕೂಸುಗಳು, ಎಲ್ಲರ ಮೈಮೇಲೂ ರೈಲು ಇಂಜಿನ್ನಿನ ಚಿತ್ರವಿದ್ದ ಒಂದೇ ಹಳದಿ ಬಟ್ಟೆ. ಪಕ್ಕದಂಗಡಿಯ ದರ್ಜಿ ಮೆನ್ಸಿಮಾಳ ಹೊಲಿಗೆ ಯಂತ್ರ ವಾರವಿಡೀ ನಿಲ್ಲದೆ ಓಡಿದ್ದು ಅವನಿಗೆ ಕೇಳಿಸಿತ್ತು. ಊರಿಗೂರೇ ಒಂದೇ ಬಟ್ಟೆ ತೊಡುವ ಯಾರೋ ದೊಡ್ಡವರ ಶವಸಂಸ್ಕಾರಕ್ಕಿರಬೇಕು ಅಂದುಕೊಂಡು ಸುಮ್ಮನಾಗಿದ್ದ. ಅಡುಗೆಯ ಹಂಡೆಗಳೂ, ಕುರ್ಚಿಗಳೂ, ಒಂದು ನಗಾರಿಯೂ ವ್ಯಾನಿನ ತಲೆಯ ಮೇಲೇರಿ ಕೂತಿದ್ದವು.

“ಮೆನ್ಸಿಮಕ್ಕಾ, ಇದು ಫೋಟೋ ತೆಗೆಯೋರ ಪ್ರವಾಸ,” ಎಂದ ಎಸ್ಸುಮನ್.

“ಗೊತ್ತು ಮೇಷ್ಟ್ರೇ. ತೆಗೆಯೋರು ನೀವು ಐದು ಜನ ಇದ್ದೀರಿ. ತೆಗೆಸ್ಕೊಳ್ಳೋರು ಇಲ್ದೆ ಅಲ್ಲಿ ಹೋಗಿ ಏನು ತೆಗೀತೀರಿ?”

“ತೊಟ್ಟಿ. ಸೇತುವೆ. ಸ್ಟೇಷನ್.”

“ಅವುಗಳ ಮುಂದೆ ಯಾರು ನಿಲ್ತಾರೆ?”

“ಯಾರೂ ನಿಲ್ಲಲ್ಲ.”

ಜ್ವರ ಬಂದ ಮಗುವನ್ನು ನೋಡುವಂತೆ ಮೆನ್ಸಿಮಾ ಅವನನ್ನು ನೋಡಿದಳು. ಆಮೇಲೆ ಚೀಲದಿಂದ ಒಂದು ಹಳದಿ ಅಂಗಿ ತೆಗೆದು, ಅವನ ಅಳತೆ ಕಣ್ಣಲ್ಲೇ ಹಿಡಿದು ಹೊಲಿದಿರುವುದಾಗಿಯೂ, ಖಾಕಿ ತೊಟ್ಟರೆ ಪರವೂರಿನ ಕಾವಲುಗಾರನಂತೆ ಕಾಣುತ್ತಾನೆಂದೂ ಹೇಳಿದಳು. ತಾನು ಫೋಟೋದಲ್ಲಿ ಬೀಳುವವನಲ್ಲ, ತನಗೆ ಅಂಗಿ ಬೇಡ ಎಂದ ಎಸ್ಸುಮನ್. ಅವಳು ಅದನ್ನು ಮಡಿಸಿ ಮತ್ತೆ ಚೀಲಕ್ಕಿಟ್ಟಳು, ಎಸೆಯಲಿಲ್ಲ.

ಹೊರಡುವ ಮುಂಚೆ ಪಾದ್ರಿ ಬೆಂಟಿಲ್ ಪ್ರಾರ್ಥನೆಗೆ ನಿಂತರು. ಅವರು ಪ್ರಾರ್ಥನೆಯನ್ನು ಅರ್ಧಕ್ಕೆ ಬಿಡುವವರಲ್ಲ. ದೇವರಿಗೂ ಕೇಳುವ ವ್ಯವಧಾನ ಇದ್ದೇ ಇರುತ್ತದೆ. ದಾರಿಗಾಗಿ, ವ್ಯಾನಿನ ಚಕ್ರಗಳಿಗಾಗಿ, ಕ್ಯಾಮೆರಾಗಳ ಬ್ಯಾಟರಿಗಳಿಗಾಗಿ, ಫೋಟೋದಲ್ಲಿ ಕಣ್ಣು ಮುಚ್ಚುವ ಅಭ್ಯಾಸವಿದ್ದವರಿಗಾಗಿ ಬೇರೆಬೇರೆಯಾಗಿ ಬೇಡಿಕೊಂಡರು. ಆಮೆನ್ ಎನ್ನುವ ಹೊತ್ತಿಗೆ, ಎಸ್ಸುಮನ್ ನೆಚ್ಚಿಕೊಂಡಿದ್ದ ಎಳೆಬಿಸಿಲು ಮಾಗಿ ಮುದಿಯಾಗಿತ್ತು.

ಉಗಿಬಂಡಿಗಳಿಗೆ ನೀರುಣಿಸುತ್ತಿದ್ದ ತೊಟ್ಟಿ, ಕಬ್ಬಿಣದ ಕಾಲುಗಳ ಮೇಲೆ ಬಳ್ಳಿ ಹೊದ್ದು ನಿಂತಿತ್ತು. ಎಸ್ಸುಮನ್ ಸ್ಟ್ಯಾಂಡ್ ನೆಟ್ಟು, ಕಣ್ಣು ಕಿರಿದು ಮಾಡಿ, ಬೆರಳನ್ನು ಗುಂಡಿಯ ಮೇಲಿಟ್ಟದ್ದೇ ತಡ, ಊರು ಬಂದು ತೊಟ್ಟಿಯ ಮುಂದೆ ಮೂರು ಸಾಲಾಗಿ ನಿಂತಿತು. ಗಿಡ್ಡರು ಮುಂದೆ, ಎತ್ತರದವರು ಹಿಂದೆ. ಎಲ್ಲರ ಗದ್ದ ಒಟ್ಟಿಗೆ ಮೇಲಕ್ಕೆ ಹೋಯಿತು. ಹೆಂಗಸರು ತಲೆವಸ್ತ್ರ ಹಿಂದಕ್ಕೆ ಸರಿಸಿ ಎರಡೂ ಕಿವಿ ತೋರಿಸಿದರು. ಬೈಯಲು ಬಾಯಿ ತೆರೆದ ಎಸ್ಸುಮನ್‌ಗೆ ಬೈಗುಳ ಹೊರಡಲಿಲ್ಲ. ಇದೆಲ್ಲ ಅವನೇ ಕಲಿಸಿದ್ದ ಪಾಠ.

ಸೇತುವೆಯ ಹತ್ತಿರ ಹೋಗುವಷ್ಟರಲ್ಲಿ ಸಂಘದ ನಾಲ್ವರೂ ಶತ್ರುಪಾಳೆಯ ಸೇರಿದ್ದರು. ಒಬ್ಬ ಅತ್ತೆ ಸೊಸೆಯರನ್ನು ಹಳಿಯ ಮೇಲೆ ಜೋಡಿಸುತ್ತಿದ್ದ, ಇನ್ನೊಬ್ಬನ ಕೈಗೆ ಕರಿದ ಮೀನು ಸಿಕ್ಕಿ ಕ್ಯಾಮೆರಾ ಕೊರಳಿಗೆ ಜೋತುಬಿದ್ದಿತ್ತು. ಎಸ್ಸುಮನ್ ಸೋಲೊಪ್ಪಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ದಂಡೆಯಿಳಿದು, ಹೊಳೆಯ ಕೆಸರಿನಲ್ಲಿ ಮೊಣಕಾಲುದ್ದ ನಡೆದು, ಸೇತುವೆಯ ಕೆಳಗಿನಿಂದ ಕ್ಯಾಮೆರಾ ಎತ್ತಿದ. ಅಲ್ಲಿ ಯಾರೂ ಇರಲಿಲ್ಲ. ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಬೆಸ್ತ ದೋಣಿಯಲ್ಲಿ ತೇಲಿಬಂದು, ಕ್ಯಾಮೆರಾ ಕಂಡು ಹುಟ್ಟು ನಿಲ್ಲಿಸಿ, ಚಿತ್ರದ ನಟ್ಟನಡುವೆ ಟೊಪ್ಪಿಗೆ ತೆಗೆದು ಗದ್ದವೆತ್ತಿ ಕೂತ. ಕಳೆದ ವರ್ಷ ಅವನಿಗೂ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟವನು ಎಸ್ಸುಮನ್ನೇ. ಸಿಟ್ಟಿನಿಂದ ಹೊರಳಿದಾಗ ಒಂದು ಕಾಲಿನ ಬೂಟನ್ನು ಕೆಸರು ನುಂಗಿಕೊಂಡಿತು.

ಒಂಟಿ ಬೂಟಿನಲ್ಲಿ ಕುಂಟುತ್ತ ಸ್ಟೇಷನ್ನಿಗೆ ಬಂದರೆ, ಅಲ್ಲಿ ಹಳದಿಯವರಲ್ಲದೆ ದಿನವೂ ಅಲ್ಲೇ ಇರುವ ಜನವೂ ಇತ್ತು. ಎರಡು ಹಳಿಗಳ ನಡುವೆ ಟೊಮೇಟೊ ಬುಟ್ಟಿಗಳು. ಟಿಕೆಟ್ ಕಿಟಕಿಯಲ್ಲಿ ಮೆಕ್ಕೆಜೋಳದ ಕೆಂಕೆ ಮುದ್ದೆ ಮಾರುವವಳು. ಗಂಟೆಯ ಕೆಳಗೆ ಕ್ಷೌರದ ಕುರ್ಚಿ. ಸಿಗ್ನಲ್ ತಂತಿಯ ಮೇಲೆ ಯಾರದೋ ಮನೆಯ ಒಗೆದ ಬಟ್ಟೆ, ಅವನು ಹುಟ್ಟಿದ ಬೆಂಚಿನ ಮೇಲೆ ಎರಡು ಆಡು. ಕಾಯುವ ಕೋಣೆಯಲ್ಲಿ ಪಾದ್ರಿಯ ಗಾಯನತಂಡ ನಗಾರಿ ಬಡಿದು ಹಾಡುತ್ತಿತ್ತು.

ಇಂಜಿನಿಯರ್ ಬರುವ ಹೊತ್ತು ಹತ್ತಿರವಾಗಿತ್ತು. ಎಸ್ಸುಮನ್ ಮೊದಲು ಬೇಡಿಕೊಂಡ. ಯಾರೂ ಅಲುಗಲಿಲ್ಲ. ಸ್ಟ್ಯಾಂಡನ್ನು ದೊಣ್ಣೆಯಂತೆ ಮೇಲಕ್ಕೆತ್ತಿ ಬೀಸುತ್ತ, ಹೊರಗೆ ನಡೀರಿ ಎಂದು ಅರಚಿದ. ಆಗಲೂ ಅಲುಗಲಿಲ್ಲ. ವ್ಯಾಪಾರದವರು ಎದ್ದು ಸೊಂಟದ ಮೇಲೆ ಕೈಯಿಟ್ಟು ನಿಂತರು, ಹಾಡುವವರು ಹೊರಬಂದು ಅವರ ಬೆನ್ನಿಗೆ ನಿಂತರು. ಕ್ಯಾಮೆರಾದ ಕಾಲುಗಳು ಕಣ್ಣಮುಂದೆ ಕಂಡದ್ದರಿಂದಲೋ ಏನೋ, ಎಲ್ಲರ ಗದ್ದವೂ ತಾನಾಗಿ ಮೇಲೆದ್ದಿತ್ತು. ಆಡುಗಳೂ ಬೆಂಚು ಬಿಡಲಿಲ್ಲ. ತೋಳು ಸೋತು ಎಸ್ಸುಮನ್ ಪ್ಲಾಟ್‌ಫಾರಂ ಮೇಲೆ ಕುಕ್ಕರಿಸಿದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು.

ಆ ನೀರನ್ನು ಕಂಡದ್ದು ಪಾದ್ರಿ ಬೆಂಟಿಲ್. ಈ ಮನುಷ್ಯನಿಗೆ ಏನೋ ಆಗಿದೆ, ಎಲ್ಲರೂ ಸ್ಟೇಷನ್ನಿನ ಗೋದಾಮಿನ ಹಿಂದೆ ಹೋಗಿ ಇವನಿಗಾಗಿ ಪ್ರಾರ್ಥಿಸೋಣ, ಇವನ ಕಿವಿಗೆ ಬಿದ್ದರೆ ಅವಮಾನವಾದೀತು, ಆದ್ದರಿಂದ ಮೌನವಾಗಿ ಪ್ರಾರ್ಥಿಸೋಣ ಎಂದರು. ದೊಣ್ಣೆಗೆ ಜಗ್ಗದ ಜನ ಕರುಣೆಗೆ ಜಗ್ಗಿತು. ಬುಟ್ಟಿ, ಕುರ್ಚಿ, ಬಟ್ಟೆ, ಆಡುಗಳ ಸಮೇತ ಎಲ್ಲರೂ ಎದ್ದು ಹೋದರು. ಅಬುರಾಸೊದಲ್ಲಿ ಯಾರೂ ಎಂದೂ ಮೌನವಾಗಿ ಪ್ರಾರ್ಥಿಸಿದ್ದಿಲ್ಲ. ಅಂದೇ ಮೊದಲು.

ಸ್ಟೇಷನ್ ಖಾಲಿಯಾಯಿತು. ಇಳಿಬಿಸಿಲು ಕಬ್ಬಿಣದ ಕಂಬಗಳ ನಡುವಿಂದ ಬಂದು ಪ್ಲಾಟ್‌ಫಾರಂ ಮೇಲೆ ಚಾಪೆಯಂತೆ ಹಾಸಿಕೊಂಡಿತು. ಗಂಟೆ ತನ್ನ ನೆರಳಿನೊಂದಿಗೆ ತೂಗುತ್ತಿತ್ತು. ಬೆಂಚು ಯಾರನ್ನೋ ಕಾಯುವಂತಿತ್ತು. ದೇವರೇ ಒಂದು ಗಳಿಗೆ ಉಸಿರು ನಿಲ್ಲಿಸಿದಂತೆ ಕಂಡಿತು ಎಸ್ಸುಮನ್‌ಗೆ. ಗುಂಡಿ ಒತ್ತಿದ. ಚಿತ್ರವನ್ನು ಮೂಲೆಮೂಲೆ ಹುಡುಕಿದ. ಒಂದು ಕಿವಿಯೂ ಇರಲಿಲ್ಲ.

ಡೊಂಕೋರ್ ಬಂದವನು ಎಸ್ಸುಮನ್‌ನತ್ತ ಕಣ್ಣೂ ಹಾಯಿಸದೆ ಕ್ಯಾಮೆರಾದ ಪರದೆಯನ್ನೇ ಬಹಳ ಹೊತ್ತು ನೋಡಿದ. ಅವನ ಮುಖ ಅರಳಿದ್ದು ಕಂಡು ಎಸ್ಸುಮನ್ ಎದೆಯುಬ್ಬಿಸಿದ.

“ತುಂಬ ಚೆನ್ನಾಗಿದೆ,” ಎಂದ ಡೊಂಕೋರ್. “ಇಲ್ಲಿಗೆ ಒಂದು ನರಪಿಳ್ಳೆಯೂ ಬರಲ್ಲ ಅಂತ ನಾನು ಬಾಯಲ್ಲಿ ಹೇಳ್ತಾನೇ ಇದ್ದೆ, ಮೇಲಿನೋರು ಪುರಾವೆ ಕೇಳ್ತಾನೇ ಇದ್ರು. ಇದಕ್ಕಿಂತ ಪುರಾವೆ ಬೇಕಾ? ಇದನ್ನ ನನಗೆ ಕಳಿಸಿಬಿಡಿ. ಸೋಮವಾರ ಸುತ್ತಿಗೆ ತರೋದು ಮರೀಬೇಡಿ.”

ಎಸ್ಸುಮನ್‌ಗೆ ಕಾಲಕೆಳಗಿನ ಪ್ಲಾಟ್‌ಫಾರಂ ಆಗಲೇ ಕುಸಿದಂತಾಯಿತು. ಜನ ಇದ್ದಾರೆ ಸಾಹೇಬ್ರೇ, ಇಲ್ಲೇ ಇದ್ದಾರೆ ಎಂದು ತೊದಲಿದ. ಎಲ್ಲಿ ಎಂದು ಡೊಂಕೋರ್ ಸುತ್ತ ನೋಡಿದ. ಮೌನ. ಎಸ್ಸುಮನ್ ಗೋದಾಮಿನ ಹಿಂದಕ್ಕೆ ಓಡಿ, ಎಲ್ಲರೂ ಬನ್ನಿ, ಬಂದು ತುಂಬಿಕೊಳ್ಳಿ ಎಂದು ಕೈಮುಗಿದ. ಪಾದ್ರಿ ಕಣ್ಣು ತೆರೆಯಲಿಲ್ಲ. ಪ್ರಾರ್ಥನೆ ಅವರಿಗೆ ಅರ್ಧವೂ ಆಗಿರಲಿಲ್ಲ. ಎದ್ದವಳು ಮೆನ್ಸಿಮಾ ಒಬ್ಬಳೇ.

“ಜನ ಇರಬಾರದು ಅಂದ್ರಿ, ನಾವು ಇಲ್ಲ,” ಎಂದಳು. “ಈಗ ಇರಬೇಕಾ? ಹಾಗಾದ್ರೆ ಮೊದಲು ನಮ್ಮೋರಾಗಿ.”

ಚೀಲದಿಂದ ಹಳದಿ ಅಂಗಿ ಹೊರಬಂತು. ಎಸ್ಸುಮನ್ ಖಾಕಿ ಕೋಟು, ಟೋಪಿ, ಉಳಿದೊಂದು ಬೂಟು ಎಲ್ಲವನ್ನೂ ಕಿತ್ತೆಸೆದು ಅಂಗಿಯೊಳಗೆ ತೂರಿಕೊಂಡ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೆನ್ಸಿಮಾ ನೇರ ಡೊಂಕೋರ್ ಮುಂದೆ ಹೋಗಿ ತನ್ನ ಫೋನು ಹಿಡಿದಳು. ಬೆಳಗಿನಿಂದ ಎಲ್ಲರೂ ಫೋಟೋದಲ್ಲಿ ನಿಂತದ್ದಾಯಿತು, ಯಾರಾದರೂ ತೆಗೆಯುವವರು ಬೇಕಲ್ಲ, ಅದಕ್ಕೆ ತಾನೇ ತೆಗೆದೆ ಎಂದಳು. ಪರದೆಯ ತುಂಬ ಸ್ಟೇಷನ್ ಇತ್ತು, ಸ್ಟೇಷನ್ ತುಂಬ ಜನ. ಬುಟ್ಟಿ, ಕೆಂಕೆ, ಕ್ಷೌರ, ಆಡು, ನಗಾರಿ, ಹಳದಿ ಸಾಲು. ಒಬ್ಬರೂ ಹಿಂದೆ ಸರಿಯದೆ, ಗದ್ದವೆತ್ತಿ, ಕಿವಿಗಳನ್ನೆಲ್ಲ ತೋರಿಸಿ ನಿಂತಿದ್ದರು. ಅವರೆದುರು ಪಕ್ಕಕ್ಕೆ ತಿರುಗಿದ ಒಬ್ಬ ಖಾಕಿಯವನು, ಟೋಪಿ ಹಣೆಗಿಳಿದು, ದೊಣ್ಣೆಯಂಥದ್ದನ್ನು ಬೀಸುತ್ತಿದ್ದ.

ಡೊಂಕೋರ್‌ನ ಮುಖ ಇಳಿಯಿತು. ಬೀಸುವ ದೊಣ್ಣೆಗೆ ಹೆದರದವರು ತನ್ನ ಕೆಡವುವ ಯಂತ್ರಕ್ಕೂ ಹೆದರಲಾರರು ಎಂಬ ಲೆಕ್ಕ ಅವನಿಗೆ ತಿಳಿಯಿತು. ಗೋದಾಮಿನ ಹಿಂದಿನಿಂದ ಆಮೆನ್ ಕೇಳಿಸಿತು. ಅದರ ಬೆನ್ನಿಗೇ ಹಳದಿ ಸಾಲು ಒಂದೊಂದಾಗಿ ಬಂದು ಪ್ಲಾಟ್‌ಫಾರಂ ತುಂಬಿ, ಕೈಕಟ್ಟಿ ನಿಂತಿತು. ಯಾರೂ ಸರಿಯಲಿಲ್ಲ.

“ಕೆಡವೋ ಮಾತು ಬಿಟ್ಟೆ ಅಂತ ಬರೀತೀನಿ,” ಎಂದ ಡೊಂಕೋರ್. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಕೇಳಿದ, “ಈ ಖಾಕಿ ಪುಂಡ ಯಾರು? ಹೆಂಗಸರ ಮೇಲೆ ದೊಣ್ಣೆ ಎತ್ತಿದ್ದಾನಲ್ಲ.”

ಎಸ್ಸುಮನ್ ಬರಿಗಾಲಿನ ಬೆರಳುಗಳನ್ನು ಎಣಿಸುವವನಂತೆ ತಲೆತಗ್ಗಿಸಿದ.

“ಯಾರೋ ಗೊತ್ತಿಲ್ಲ ಸಾಹೇಬ್ರೇ,” ಎಂದಳು ಮೆನ್ಸಿಮಾ. “ನಮ್ಮೂರೋನಾಗಿದ್ರೆ ಈ ಬಟ್ಟೆ ಹಾಕ್ಕೊಂಡಿರ್ತಿದ್ದ. ಅಲ್ವಾ ಮೇಷ್ಟ್ರೇ?”

“ಹೂಂ,” ಎಂದ ಎಸ್ಸುಮನ್.

ಹಾಗಾದರೆ ಎಸ್ಸುಮನ್ನೇ ಇದನ್ನು ಬಾಗಿಲಗಲ ಮುದ್ರಿಸಿ ಸ್ಟೇಷನ್ನಿನ ಗೋಡೆಗೆ ಹಾಕಬೇಕೆಂದೂ, ಈ ಪುಂಡ ಕಂಡರೆ ಪೊಲೀಸರಿಗೆ ತಿಳಿಸಿ ಎಂದು ಕೆಳಗೆ ಬರೆಸಬೇಕೆಂದೂ ಅಪ್ಪಣೆ ಮಾಡಿ ಡೊಂಕೋರ್ ಕಾರು ಹತ್ತಿದ.

ರಾತ್ರಿ ಅಂಗಡಿಯಲ್ಲಿ ಎಸ್ಸುಮನ್ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಖಾಕಿಯವನಿದ್ದ ಅಂಚನ್ನು ಮೆಲ್ಲಗೆ ಕತ್ತರಿಸಹೊರಟ. ಬೆನ್ನ ಹಿಂದೆ ಮೆನ್ಸಿಮಾ ನಿಂತಿದ್ದಳು.

“ಅವನನ್ನ ಮುಟ್ಟಬೇಡಿ ಮೇಷ್ಟ್ರೇ. ಅವನಿಲ್ದಿದ್ರೆ ನಾವೆಲ್ಲ ಯಾಕೆ ಹಾಗೆ ನಿಂತಿದ್ವಿ ಅಂತ ನೋಡಿದೋರಿಗೆ ತಿಳಿಯಲ್ಲ.”

ಎಸ್ಸುಮನ್ ಕೊನೆಯ ಅಸ್ತ್ರ ತೆಗೆದ. “ಅಕ್ಕಾ, ಇವನ ಒಂದೇ ಕಿವಿ ಕಾಣ್ತಿದೆ. ಇಂಥ ಫೋಟೋನ ಸರ್ಕಾರ ಒಪ್ಪಲ್ಲ.”

“ಒಪ್ಪಿಯಾಯ್ತಲ್ಲ,” ಎಂದಳು ಮೆನ್ಸಿಮಾ. “ಇನ್ನೊಂದೂ ಕಂಡಿದ್ರೆ ನೀವೀಗ ಠಾಣೇಲಿರ್ತಿದ್ರಿ.”