ದೀಪ ಹಚ್ಚೋ ಹೊತ್ತಿನಲ್ಲಿ ಭವಿಷ್ಯತ್ ಕಾಲ

ಹೆದರಿಸುವಂಥ ಸಂಗತಿಗಳು ಹೆದರುವವರ ವಿಳಾಸ ವಿಚಾರಿಸಿಕೊಂಡೇ ಬರುತ್ತವೆ ಅನ್ನುವುದು ನನ್ನ ಅನುಭವ. ಹಸುವಿಗೆ ಹೆದರಿ ಪಕ್ಕದ ಬೀದಿ ಹಿಡಿದರೆ ಅಲ್ಲಿ ಎರಡು ಹಸು ನಿಂತಿರುತ್ತವೆ. ಮಾತಾಡಲು ಹೆದರುವ ನನಗೆ ಸಿಕ್ಕಿದ ಮೊದಲ ಕೆಲಸವೂ ಅಂಥದೇ, ಹದಿನಾಲ್ಕು ಜನ ಹೆಂಗಸರ ಮುಂದೆ ನಿಂತು ಮಾತಾಡುವುದು.

ನಾವು ರಾಜಾಜಿನಗರಕ್ಕೆ ಬಂದು ಆಗ ಒಂದು ವರ್ಷ. ಬ್ಲಾಕಿನಲ್ಲಿ ಮನೆಗಳಿಗಿಂತ ಪಾಯಗಳೇ ಹೆಚ್ಚು, ಅದರಾಚೆ ರಾಗಿ ಹೊಲ. ಮಹಿಳಾ ಸಮಾಜದವರು ಗೃಹಿಣಿಯರಿಗೆ ಇಂಗ್ಲಿಷ್ ತರಗತಿ ಶುರು ಮಾಡಿದರು. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಅಂತ ಸಮಾಜದ ಕಾರ್ಯದರ್ಶಿಯವರು ನನ್ನನ್ನು ಹಿಡಿದು ಹಾಕಿದರು. ಕಾನ್ವೆಂಟಿನ ಹತ್ತು ವರ್ಷದಲ್ಲಿ ಕೊನೆಯ ಬೆಂಚಿನಿಂದ ‘ಯೆಸ್ ಸಿಸ್ಟರ್’ ಅಂದದ್ದು ಬಿಟ್ಟರೆ ನಾನು ಬೇರೇನೂ ಮಾತಾಡಿರಲಿಲ್ಲ. ಅದನ್ನು ಅವರಿಗೆ ಹೇಳಲೂ ಹೆದರಿಕೆಯಾಯಿತು.

ಆರು ತಿಂಗಳಾದ ಮೇಲೆ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟ್ರೆಸ್ ಬಂದು ನೋಡುತ್ತಾರೆ, ಅವರು ಒಪ್ಪಿದರೆ ತರಗತಿ ಕಾಯಂ, ನನ್ನ ಕೆಲಸವೂ ಕಾಯಂ. ಒಪ್ಪದಿದ್ದರೆ ಮೈಸೂರಿನಿಂದ ಬಂದು ಕೂತಿರುವ ಜಾತಕಕ್ಕೆ ಅಪ್ಪ ಹೂಂ ಅನ್ನುತ್ತಾರೆ. “ಕೆಲಸಕ್ಕೂ ಹೆದರ್ತೀಯ, ಮದುವೆಗೂ ಹೆದರ್ತೀಯ. ಯಾವುದಕ್ಕೆ ಕಮ್ಮಿ ಹೆದರಿಕೆ ಅಂತ ನೀನೇ ನೋಡ್ಕೋ” ಅಂದರು ಅಪ್ಪ. ನೋಡಿಕೊಂಡೆ. ಕೆಲಸಕ್ಕೆ ಒಂದು ಕೂದಲೆಳೆಯಷ್ಟು ಕಮ್ಮಿ ಇತ್ತು.

ಇದ್ದದ್ದು ಒಂದೇ ಕೋಣೆ. ಸಂಜೆ ಐದರವರೆಗೆ ಅಲ್ಲಿ ಹೊಲಿಗೆ ತರಗತಿ. ಹಾಗಾಗಿ ನಮ್ಮದು ಐದೂವರೆಯಿಂದ ಆರೂವರೆ. ಮುಂದಿನ ಎಲ್ಲ ಫಜೀತಿಗೂ ಆ ಹೊತ್ತೇ ಕಾರಣ.

೧. ಬೀಳುವ ಮುದುಕಿ

ಮೂರನೆಯ ವಾರ ಭವಿಷ್ಯತ್ ಕಾಲ ಬಂತು. ‘ಐ’ ಮುಂದೆ ಶಲ್, ಮಿಕ್ಕವರಿಗೆ ವಿಲ್ ಅಂತ ಸಿಸ್ಟರ್ ನಮಗೆ ಕಲಿಸಿದ್ದರು. ಅದನ್ನೆಲ್ಲ ಹೇಳಿದರೆ ಹೆಂಗಸರು ಎದ್ದು ಹೋದಾರು ಅಂತ ಹೆದರಿ ನಾನು ಎಲ್ಲರಿಗೂ ವಿಲ್ ಅನ್ನೇ ಹಂಚಿದೆ. ಪುಸ್ತಕದಲ್ಲಿ ಆ ಪಾಠದ ಮೊದಲ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ: ದಿ ಓಲ್ಡ್ ವುಮನ್ ವಿಲ್ ಫಾಲ್. ಮುದುಕಿ ಬೀಳುತ್ತಾಳೆ ಅಂತ ಅರ್ಥ ಹೇಳಿ, ಎಲ್ಲರೂ ಒಟ್ಟಿಗೆ ಹೇಳಿ ಅಂದೆ.

ಹದಿಮೂರು ಜನ ತಿರುಗಿ ಹದಿನಾಲ್ಕನೆಯವರನ್ನು ನೋಡಿದರು. ಅವರು ಎರಡನೇ ಅಡ್ಡರಸ್ತೆಯ ಅಜ್ಜಿ. ತರಗತಿಗೆಲ್ಲ ಅವರೊಬ್ಬರೇ ಮುದುಕಿ.

“ಬೀಳೋದು ನಾನೇ ತಾನೆ?” ಅಂದರು ಅಜ್ಜಿ. “ಹೊತ್ತು ನೋಡು ಮಗು. ದೀಪ ಹಚ್ಚೋ ಹೊತ್ತು. ಅಳಿಸು ಅದನ್ನ.”

ಆಮೇಲೆ ಅವರೇ ನನಗೆ ಪಾಠ ಮಾಡಿದರು. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ತಲೆಯ ಮೇಲೆ ತಿರುಗಾಡುತ್ತಿರುತ್ತಾರಂತೆ. ಯಾರ ಬಾಯಲ್ಲಿ ಏನು ಬಂದರೂ ‘ಅಸ್ತು’ ಅಂದುಬಿಡುತ್ತಾರಂತೆ, ಅದು ಹಾಗೆಯೇ ನಡೆದುಹೋಗುತ್ತದಂತೆ. ಇದನ್ನು ಅಮ್ಮ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದು ಆಗ ನೆನಪಾಯಿತು. ಮುಂದೆ ಆಗುವುದನ್ನು ಬಾಯಿಬಿಟ್ಟು ಹೇಳುವುದೇ ನನ್ನ ಪಾಠ. ಅದನ್ನು ಸರಿಯಾಗಿ ಆ ಗಳಿಗೆಯಲ್ಲಿ, ಹದಿನಾಲ್ಕು ಬಾಯಿಂದ ಹೇಳಿಸಲು ಹೊರಟಿದ್ದೆ. ಒರೆಸುವ ಬಟ್ಟೆ ಹುಡುಕುವಷ್ಟು ತಾಳ್ಮೆ ಇಲ್ಲದೆ ಅಂಗೈಯಲ್ಲೇ ಮುದುಕಿಯನ್ನು ಅಳಿಸಿದೆ.

ಬರೆದದ್ದಂತೂ ಬರೆದಾಗಿತ್ತು. ಅಜ್ಜಿಯನ್ನು ಮನೆ ಮುಟ್ಟಿಸಲು ನಾಲ್ಕು ಜನ ಹೊರಟೆವು, ಇಬ್ಬರು ಮುಂದೆ, ಇಬ್ಬರು ಹಿಂದೆ, ಮಧ್ಯೆ ಅಜ್ಜಿ. ರಸ್ತೆಯ ಉದ್ದಕ್ಕೂ ನೀರಿನ ಪೈಪಿಗೆ ಗುಂಡಿ ತೋಡಿದ್ದರು. ಎಲ್ಲರ ಕಣ್ಣೂ ಅಜ್ಜಿಯ ಕಾಲ ಮೇಲೆ. ಅಜ್ಜಿ ಬೀಳಲಿಲ್ಲ. ಕಾವಲಿನವರಲ್ಲಿ ಇಬ್ಬರು ಗುಂಡಿಗೆ ಬಿದ್ದೆವು. ಅಜ್ಜಿಯೇ ಕೈ ಕೊಟ್ಟು ಎತ್ತಿದರು.

೨. ಉಳಿದ ಮೂರು ವಾಕ್ಯ

ಮಾರನೆಯ ದಿನ ಪೆನ್ಸಿಲ್ ಹಿಡಿದು ಪುಸ್ತಕದ ಮುಂದೆ ಕೂತೆ. ಸೂರು ಬೀಳುತ್ತದೆ, ಹಸು ಸಾಯುತ್ತದೆ, ಹುಡುಗ ಅಳುತ್ತಾನೆ, ಲೋಟ ಒಡೆಯುತ್ತದೆ. ಪುಸ್ತಕ ಬರೆದ ದೊರೆಗೆ ನಾಳೆಯ ಬಗ್ಗೆ ಒಳ್ಳೆಯ ಮಾತು ತೋಚಿದ್ದೇ ಅಪರೂಪ. ಒಂದೊಂದನ್ನೇ ಹೊಡೆದುಹಾಕಿದೆ. ಹಡಗು ಮುಳುಗುತ್ತದೆ ಅಂತಲೂ ಒಂದಿತ್ತು. ರಾಜಾಜಿನಗರದಲ್ಲಿ ಯಾರ ಹತ್ತಿರವೂ ಹಡಗು ಇರಲಿಲ್ಲ. ಆದರೂ ಯಾಕೆ ಬೇಕು ಅಂತ ಅದನ್ನೂ ಹೊಡೆದೆ. ಕೊನೆಗೆ ಉಳಿದದ್ದು ಮೂರೇ. ಸೂರ್ಯ ಹುಟ್ಟುತ್ತಾನೆ, ಹೂವು ಅರಳುತ್ತದೆ, ಹಸು ಹಾಲು ಕೊಡುತ್ತದೆ.

ಹೆಂಗಸರು ಅವನ್ನು ಮಂಗಳಾರತಿಯ ಹಾಗೆ ಏರುದನಿಯಲ್ಲಿ ಹೇಳಿದರು. ಹಿಂದಿನ ಸಾಲಿನಲ್ಲಿ ಪಕ್ಕದ ಹಳ್ಳಿಯಿಂದ ನಮ್ಮ ಬ್ಲಾಕಿಗೆ ಹಾಲು ಹಾಕುವಾಕೆ ಕೂರುತ್ತಿದ್ದಳು. ಮೂರನೆಯ ವಾಕ್ಯ ಬಂದಾಗ ಅವಳು ಎದ್ದು ನಿಂತು, ಸೆರಗು ಹೊದ್ದು, ಕಣ್ಣು ಮುಚ್ಚಿ ಹೇಳುವಳು. ವಾರ ಕಳೆಯುವುದರೊಳಗೆ, ಹಸು ಈಗ ಅರ್ಧ ಸೇರು ಜಾಸ್ತಿ ಕರೀತಾ ಇದೆ ಕಣಮ್ಮಾ ಅಂತ ನನಗೆ ಅಡ್ಡ ಬಿದ್ದು ಹೋದಳು. ನಾನು ಗಾಬರಿಯಿಂದ ಗೋಡೆಗೆ ಒರಗಿ ನಿಂತೆ. ನಿಜವಾಗಿಯೂ ಆಗುತ್ತದೆ ಅನ್ನುವುದಾದರೆ ನಾನು ಬಾಯಿ ತೆರೆಯುವುದಾದರೂ ಹೇಗೆ?

ಧೈರ್ಯ ಕೊಟ್ಟವರು ಅಜ್ಜಿ. “ಹೆದರಬೇಡ ಮಗು” ಅಂದರು. “ಆ ಜಾಸ್ತಿ ಅರ್ಧ ಸೇರಿನ ರುಚಿ ನಾವೆಲ್ಲ ನೋಡಿದೀವಿ. ಅದು ಹಸು ಕೊಟ್ಟಿದ್ದಲ್ಲ, ನಲ್ಲಿ ಕೊಟ್ಟಿದ್ದು.”

೩. ತಿರುಪತಿ

ಹಾಲಿನ ಸುದ್ದಿ ಹಬ್ಬಿತು. ಪುಸ್ತಕದ ಮೂರು ವಾಕ್ಯ ಯಾರಿಗೂ ಸಾಲದಾಯಿತು. ಒಬ್ಬೊಬ್ಬರೂ ತಮಗೆ ಬೇಕಾದ ನಾಳೆಯನ್ನು ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಮಾಡಿಕೊಡು ಅಂತ ಕೇಳತೊಡಗಿದರು. ಔಷಧಿ ಚೀಟಿ ಬರೆಯುವ ಡಾಕ್ಟರ ಹಾಗೆ ನಾನು ಬರೆದು ಬರೆದು ಕೊಟ್ಟೆ. ಇಲ್ಲ ಅನ್ನಲು ಹೆದರಿಕೆ.

ಒಂದು ಸಂಜೆ ಬಾಗಿಲಲ್ಲಿ ಖಾಕಿ ಅಂಗಿಯ ದೊಡ್ಡ ಮೀಸೆಯ ಗಂಡಸೊಬ್ಬರು ಬಂದು ನಿಂತರು. ನಮ್ಮ ವಿದ್ಯಾರ್ಥಿನಿಯೊಬ್ಬರ ಯಜಮಾನರು, ಕಾರ್ಖಾನೆಯ ಕೆಲಸದವರು. ಹೆಂಡತಿ ಅವತ್ತು ಬಂದಿರಲಿಲ್ಲ. ದಿನಾ ಊಟಕ್ಕೆ ಬಡಿಸುತ್ತ ಇವಳು ಇಂಗ್ಲಿಷಿನಲ್ಲಿ ಏನೋ ಅಂತಾಳೆ, ಅರ್ಥ ಕೇಳಿದರೆ ಹೇಳಲ್ಲ, ಬೈಗುಳವೋ ಹೇಗೆ ಅಂತ ಅವರ ಪ್ರಶ್ನೆ. “ಅದರಲ್ಲಿ ತಿರುಪತಿ ಅನ್ನೋದೊಂದು ತಿಳಿಯುತ್ತೆ. ಮಿಕ್ಕಿದ್ದು ನೀವು ಹೇಳಬೇಕು” ಅಂದರು.

ನಾನು ಬರೆದುಕೊಟ್ಟಿದ್ದ ವಾಕ್ಯ ‘ಯು ವಿಲ್ ಟೇಕ್ ಮಿ ಟು ತಿರುಪತಿ’. ನೀವು ನನ್ನನ್ನು ತಿರುಪತಿಗೆ ಕರೆದುಕೊಂಡು ಹೋಗುತ್ತೀರಿ. ಅದನ್ನು ಆ ಮೀಸೆಯ ಮುಂದೆ ಹೇಳುವ ಧೈರ್ಯ ನನಗೆಲ್ಲಿ? ನಾಲಗೆ ತಾನಾಗಿಯೇ ಹೇಳಿಬಿಟ್ಟಿತು: “ದೇವರ ನಾಮ, ಸಾರ್.”

ಅವರ ಮುಖ ಮೃದುವಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು, ನನಗೂ ಹೇಳಿಕೊಡಿ ಅಂದರು. ಹೇಳಿಕೊಟ್ಟೆ. ಅವತ್ತಿನಿಂದ ಅವರು ಸ್ನಾನ ಮಾಡಿ, ನಾಮ ಹಚ್ಚಿಕೊಂಡು, ದಿನಕ್ಕೆ ನೂರೆಂಟು ಸಲ ಜಪ ಶುರು ಮಾಡಿದರಂತೆ. ಎರಡು ತಿಂಗಳಾದ ಮೇಲೆ ಹೆಂಡತಿ ತಿರುಪತಿ ಲಾಡು ತಂದರು, ಗಂಡ ಮುಡಿ ಕೊಟ್ಟು ತಲೆ ನುಣ್ಣಗಾಗಿದೆ ಅನ್ನುವ ಸುದ್ದಿಯನ್ನೂ. ಕರೆದುಕೊಂಡು ಹೋದರಾ ಅಂತ ಕೇಳಿದೆ.

“ಎಲ್ಲಿ ಟೀಚರ್, ನಾನೇ ನಮ್ಮ ಅಣ್ಣನ್ನ ಕಾಡಿ ಬೇಡಿ ದುಡ್ಡು ತಂದು ಅವರನ್ನ ಕರ್ಕೊಂಡು ಹೋಗಬೇಕಾಯ್ತು” ಅಂದರು. “ನನಗಿಂತ ಹೆಚ್ಚು ಸಲ ಅವರೇ ಹೇಳಿಬಿಟ್ಟಿದ್ದರಲ್ಲ.”

೪. ಮೈಸೂರಿನ ಹುಡುಗ

ತನಿಖೆಗೆ ಹದಿನೈದು ದಿನ ಇರುವಾಗ ಅಜ್ಜಿ ನನ್ನ ಮುಖ ನೋಡಿ, ಯಾಕೆ ಹೀಗೆ ಸೊರಗಿದೀಯ ಅಂತ ಬಿಡದೆ ಕೇಳಿದರು. ಹೇಳಿಬಿಟ್ಟೆ, ಅಪ್ಪನ ಷರತ್ತು, ಜಾತಕ, ಎಲ್ಲ. ತರಗತಿ ಅಲ್ಲೇ ಕೆಲಸಕ್ಕೆ ಇಳಿಯಿತು. ಹುಡುಗನಿಗೆ ದೂರದ ಊರಿಗೆ ವರ್ಗವಾಗಲಿ ಅಂತ ಒಬ್ಬರು. ಕಾಲು ಉಳುಕಲಿ, ಸ್ವಲ್ಪವೇ ಉಳುಕಲಿ ಅಂತ ಹಾಲಿನಾಕೆ. ನಾನು ಬೇಡಮ್ಮ, ದಯವಿಟ್ಟು ಬೇಡ ಅಂತ ಕೈ ಮುಗಿದೆ. ಮೈಸೂರಿನಲ್ಲಿ ಏನೂ ಅರಿಯದ ಒಬ್ಬ ಪ್ರಾಣಿ ಮೆಟ್ಟಿಲಿಳಿಯುವುದು ನನ್ನ ಕಣ್ಣಿಗೆ ಕಟ್ಟಿತ್ತು.

ಅಜ್ಜಿ ತೀರ್ಮಾನ ಕೊಟ್ಟರು. ಕೇಡು ಬೇಡ, ಅವನಿಗೆ ಬೇರೆ ಒಳ್ಳೇ ಹುಡುಗಿ ಸಿಗಲಿ. ‘ಹಿ ವಿಲ್ ಗೆಟ್ ಎ ಗುಡ್ ಗರ್ಲ್’ ಅಂತ ಹದಿನಾಲ್ಕು ಜನ ಕೋಣೆ ನಡುಗುವ ಹಾಗೆ ಮೂರು ಸಲ ಹೇಳಿದರು. ನಾನು ಬೋರ್ಡಿನ ಹಿಂದೆ ಅಡಗಿಕೊಂಡೆ.

ಮೂರನೆಯ ಸಲ ಮುಗಿದಾಗ ಕಿಟಕಿಯ ಹೊರಗಿನಿಂದ ಹೊಲಿಗೆ ಟೀಚರ್ ತಲೆ ಹಾಕಿದರು. ಮರೆತುಹೋದ ಕತ್ತರಿ ತೆಗೆದುಕೊಳ್ಳಲು ಬಂದಿದ್ದರಂತೆ. ಅವರಿಗೂ ಮದುವೆ ಗೊತ್ತಾಗಿರಲಿಲ್ಲ.

“ಹುಡುಗ ಎಷ್ಟು ಓದಿದಾನೆ?” ಅಂತ ಕೇಳಿದರು.

೫. ತನಿಖೆ

ಇನ್ಸ್‌ಪೆಕ್ಟ್ರೆಸ್ ಐದೂವರೆಗೆ ಬರುತ್ತೇನೆ ಅಂದವರು, ಬಸ್ಸಿಳಿದು ದಾರಿ ತಪ್ಪಿ ರಾಗಿ ಹೊಲ ಸುತ್ತಿಕೊಂಡು ಬರುವಾಗ ಆರಾಗಿತ್ತು. ಹೊರಗೆ ಮಬ್ಬು. ಕಾರ್ಯದರ್ಶಿಯವರು ಲಾಂದ್ರ ತಂದಿಟ್ಟರು. ಬಂದಾಕೆ ಎತ್ತರದ ಆಳು, ದಪ್ಪ ಗಾಜಿನ ಕನ್ನಡಕ, ಕಂಕುಳಲ್ಲಿ ಕೊಡೆ. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ.

ಯಾವ ಪಾಠ ನಡೆದಿದೆ ಅಂದರು. ಭವಿಷ್ಯತ್ ಕಾಲ ಅಂದೆ. ಚೀಲದಿಂದ ತಮ್ಮ ಸ್ವಂತ ಪುಸ್ತಕ ತೆಗೆದರು. ಅದರಲ್ಲಿ ನನ್ನ ಪೆನ್ಸಿಲ್ ಓಡಾಡಿರಲಿಲ್ಲ. ಮುದುಕಿ, ಹಸು, ಸೂರು, ಹಡಗು ಎಲ್ಲರೂ ಇದ್ದರು.

ಹಿಂದಿನ ವಾರವಷ್ಟೇ ಹೊಸ ಮನೆಗೆ ತಾರಸಿ ಹಾಕಿಸಿದ್ದವರನ್ನು ನಿಲ್ಲಿಸಿ ‘ದಿ ರೂಫ್ ವಿಲ್ ಫಾಲ್’ ಓದಿ ಅಂದರು. ಆಕೆ ತುಟಿ ಬಿಗಿದುಕೊಂಡು ನಿಂತರು. ಹಾಲಿನಾಕೆಯನ್ನು ನಿಲ್ಲಿಸಿ ‘ದಿ ಕೌ ವಿಲ್ ಡೈ’ ಅಂದರು. ಅವಳ ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ಅಜ್ಜಿಯ ಪಾಲಿಗೆ ಯಾವುದು ಬಂತು ಅಂತ ಹೇಳಬೇಕಾಗಿಲ್ಲ. ಅಜ್ಜಿ ಲಾಂದ್ರವನ್ನೇ ನೋಡುತ್ತ ಕೂತರು. ಕಾರಣ ಗೊತ್ತಿದ್ದವಳು ನಾನು. ಹೇಳಬೇಕಾದವಳೂ ನಾನು. ನಾನು ಖಾಲಿ ಬೋರ್ಡನ್ನೇ ಒರೆಸುತ್ತ ನಿಂತೆ.

ಇನ್ಸ್‌ಪೆಕ್ಟ್ರೆಸ್ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. ಒಬ್ಬರಿಗೂ ಒಂದಕ್ಷರ ಬರುವುದಿಲ್ಲ ಅನ್ನುವುದು ಅವರ ಮುಖದಲ್ಲೇ ಇತ್ತು. “ಐ ಆಮ್ ಸಾರಿ” ಅಂದರು. “ದಿಸ್ ಕ್ಲಾಸ್ ವಿಲ್—”

ಮುಂದಿನ ಮಾತು ಬರಲಿಲ್ಲ. ಅಜ್ಜಿ ಎದ್ದು ಬಂದು ತಮ್ಮ ಅಂಗೈಯಿಂದ ಅವರ ಬಾಯಿ ಮುಚ್ಚಿದ್ದರು.

ಕಾರ್ಯದರ್ಶಿಯವರು ಅಲ್ಲೇ ಕುಸಿದು ಕುರ್ಚಿ ಹಿಡಿದರು. ನನಗೆ ಮದುವೆಯ ಮಂಟಪ ಕಾಣಿಸಿತು.

“ತಪ್ಪು ತಿಳೀಬೇಡಿ ತಾಯಿ” ಅಂದರು ಅಜ್ಜಿ, ಕೈ ತೆಗೆಯದೆ. “ಈ ಹೊತ್ತಲ್ಲಿ ಆ ವಿಲ್ ಆದ ಮೇಲೆ ಕೆಟ್ಟದ್ದು ಹೇಳಬಾರದು. ಅಸ್ತು ಅಂದುಬಿಡ್ತಾರೆ. ಈ ಮಗು ಬದುಕು ಇದರಲ್ಲಿದೆ.”

ಕೈ ತೆಗೆದ ಮೇಲೆ ಇನ್ಸ್‌ಪೆಕ್ಟ್ರೆಸ್ ಕನ್ನಡಕ ಸರಿ ಮಾಡಿಕೊಂಡರು. ಕೊಡೆ ಬಿದ್ದದ್ದನ್ನೂ ಗಮನಿಸಲಿಲ್ಲ. ಆಮೇಲೆ ಮೊದಲ ಸಲ ಕನ್ನಡದಲ್ಲಿ ಕೇಳಿದರು. “ಹಾಗಾದರೆ ನಾನು ಕೊಟ್ಟ ವಾಕ್ಯ ನಿಮಗೆಲ್ಲ ಅರ್ಥ ಆಗಿತ್ತಾ?”

“ಅರ್ಥ ಆಗಿದ್ದಕ್ಕೇ ತಾನೆ ಬಾಯಿ ಮುಚ್ಕೊಂಡಿದ್ದು” ಅಂದರು ಅಜ್ಜಿ.

ಆಗ ನಾನು ಬೋರ್ಡು ಬಿಟ್ಟು ಮುಂದೆ ಬಂದೆ. ಆ ವಾಕ್ಯವನ್ನೇ ಒಳ್ಳೆಯದಾಗಿ ಮುಗಿಸಿ ಅಂತ ಹೆಂಗಸರಿಗೆ ಹೇಳಿದೆ, ಸಣ್ಣಗೆ. ಹದಿನಾಲ್ಕು ಜನ ಎದ್ದು ನಿಂತು ‘ದಿಸ್ ಕ್ಲಾಸ್ ವಿಲ್ ಗೋ ಆನ್’ ಅಂದರು. ಸರಾಗವಾಗಿ, ತಪ್ಪಿಲ್ಲದೆ. ಇನ್ಸ್‌ಪೆಕ್ಟ್ರೆಸ್ ಮತ್ತೆ ಪ್ರಶ್ನೆ ಕೇಳಲಿಲ್ಲ. ಚೀಲದಿಂದ ವರದಿ ಪುಸ್ತಕ ತೆಗೆದು, ಲಾಂದ್ರದ ಬೆಳಕಿಗೆ ಹಿಡಿದು ಏನೋ ಬರೆದು, ಸಹಿ ಹಾಕಿ ಮುಚ್ಚಿದರು.

ಹೊರಡಬೇಕಾದವರು ಹೊರಡಲಿಲ್ಲ. ಕನ್ನಡಕ ಒರೆಸಿಕೊಂಡರು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ, ತಮಗೆ ಪಾವಗಡಕ್ಕೆ ವರ್ಗವಾಗುವ ಸುದ್ದಿ ಇದೆ, ವಯಸ್ಸಾದ ತಾಯಿ ಇದ್ದಾರೆ, ಇವರ ಕೈಲಿ ಅದಕ್ಕೂ ಒಂದು ವಾಕ್ಯ ಹೇಳಿಸುವುದಕ್ಕೆ ಆಗುತ್ತದೆಯೇ ಅಂದರು. ನಾನು ಮೇಲಧಿಕಾರಿಯ ಮುಖದಲ್ಲಿ ನನ್ನದೇ ಹೆದರಿಕೆ ಕಂಡೆ. ಅಜ್ಜಿ ಅವರನ್ನು ಮುಂದಿನ ಚಾಪೆಯ ಮೇಲೆ ಕೂರಿಸಿದರು. ‘ಷಿ ವಿಲ್ ಸ್ಟೇ ಇನ್ ಬ್ಯಾಂಗಲೂರ್’ ಅಂತ ಎಲ್ಲರೂ ಹೇಳಿದರು, ಆಕೆಯೂ ಕೈ ಮುಗಿದುಕೊಂಡು ಹೇಳಿದರು, ಕತ್ತಲಾಗುವವರೆಗೆ.

ಒಂದೂವರೆ ತಿಂಗಳ ಮೇಲೆ ಮಂಜೂರಾತಿ ಪತ್ರ ಬಂತು. ತರಗತಿ ಕಾಯಂ, ನಾನೂ ಕಾಯಂ. ಅಪ್ಪ ಜಾತಕವನ್ನು ಮೈಸೂರಿಗೆ ಮರಳಿ ಕಳಿಸಿದರು. ಹೆಂಗಸರು ಕೋಣೆಗೆ ಮಾವಿನೆಲೆ ಕಟ್ಟಿದರು. ಆ ಸಂಭ್ರಮದ ನಡುವೆಯೇ ಅಂಚೆಯವನು ನನ್ನ ಹೆಸರಿಗೆ ಇನ್ನೊಂದು ಕಾರ್ಡು ಕೊಟ್ಟು ಹೋದ. ಇನ್ಸ್‌ಪೆಕ್ಟ್ರೆಸ್ ಅವರದು. ಎಲ್ಲರಿಗೂ ಓದಿ ಹೇಳಿದೆ.

“ಪಾವಗಡಕ್ಕೆ ಬಂದು ಹತ್ತು ದಿನವಾಯಿತು. ಬಿಸಿಲು ವಿಪರೀತ. ವಾಪಸು ಬರುವುದಕ್ಕೆ ನಿಮ್ಮ ಹೆಂಗಸರಿಂದ ಮತ್ತೊಮ್ಮೆ ಹೇಳಿಸಬೇಕಾಗಿ ಪ್ರಾರ್ಥನೆ. ಈ ಸಲ ದಯವಿಟ್ಟು ಕನ್ನಡದಲ್ಲಿ.”