ಮುದಿಯಪ್ಪ ಫಸ್ಟ್ ಬಂದದ್ದು

ಯಾರಾದರೂ ಹಿಂದಿನಿಂದ ಹಾರ್ನ್ ಹೊಡೆದರೆ ಸಾಕು, ಮುದಿಯಪ್ಪನ ಕೈ ತಾನಾಗಿಯೇ ಎಡಕ್ಕೆ ತಿರುಗಿಬಿಡುತ್ತಿತ್ತು. ರಸ್ತೆಯಲ್ಲಿ ಇದು ಒಳ್ಳೆಯ ಗುಣವೇ. ಆದರೆ ಮುದಿಯಪ್ಪ ಮೋಟಾರ್ ಸೈಕಲ್ ಪಂದ್ಯದ ಸವಾರ. ಸಿಕಂದರಾಬಾದಿನಲ್ಲಿ ಒಬ್ಬ ಬಿಳಿ ದೊರೆಯ ಬಳಿ ಡ್ರೈವರಾಗಿದ್ದುಕೊಂಡು, ಅವನ ಗಾಡಿಗಳನ್ನು ಹನ್ನೊಂದು ವರ್ಷ ಅಲ್ಲಿಯ ದೊಡ್ಡ ಪಂದ್ಯದಲ್ಲಿ ಓಡಿಸಿದ್ದ. ಕೊನೆಯ ಸುತ್ತಿನವರೆಗೂ ಮುಂದೆಯೇ ಇರುತ್ತಿದ್ದ. ಅಷ್ಟರಲ್ಲಿ ಹಿಂದಿನವನು ಒಮ್ಮೆ 'ಪೋಂ' ಅನ್ನುತ್ತಿದ್ದ, ಇವನು 'ಹೋಗ್ರಿ ಸಾಹೇಬ್ರ' ಎಂದು ದಾರಿ ಬಿಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮೊದಲು ಬರಲಿಲ್ಲ.

ದೊರೆ ತನ್ನ ದೇಶಕ್ಕೆ ಹೊರಟಾಗ ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಇವನಿಗೆ ಬಿಟ್ಟುಹೋದ. ಅದನ್ನೇ ಹತ್ತಿಕೊಂಡು ಮುದಿಯಪ್ಪ ಕೊಪ್ಪಳಕ್ಕೆ ಬಂದ. ಊರಿನವರು ಅದಕ್ಕೆ ಫಟಫಟಿ ಎಂದರು. ಅದು, ಒಂದು ತೊಗಲಿನ ಟೊಪ್ಪಿಗೆ, ಧೂಳು ತಡೆಯುವ ದೊಡ್ಡ ಕನ್ನಡಕ, ಎರಡನೆಯದು ಮೂರನೆಯದು ನಾಲ್ಕನೆಯದು ಎಂದು ಬರೆದ ಹನ್ನೊಂದು ಸರ್ಟಿಫಿಕೇಟು, ಇಷ್ಟೇ ಅವನ ಗಳಿಕೆ. ವಯಸ್ಸು ನಲವತ್ತನಾಲ್ಕು ಆಗಿತ್ತು.

ಹೆಂಡತಿ ದುರಗಮ್ಮ ಒಂದು ಗಡುವು ಹಾಕಿದ್ದಳು. "ಬರೋ ಅಮಾಸಿ ಒಳಗ ಈ ಫಟಫಟಿಯಿಂದ ಒಂದು ನೌಕರಿ ಆಗಬೇಕು. ಇಲ್ಲಂದ್ರ ಗಿರಣಿ ಅಂದಪ್ಪಗ ಕೊಟ್ಟುಬಿಡ್ತೀನಿ. ಇದರ ಇಂಜಿನ್ ಬಿಚ್ಚಿ ಖಾರ ಕುಟ್ಟೋ ಯಂತ್ರಕ್ಕ ಹಚ್ಚತಾನಂತ. ನೀವೂ ಅದರ ಸಂಗಾಟ ಹೋಗಿ ಅಲ್ಲೇ ಖಾರ ಕುಟಗೊಂತ ಕುಂದರ್ರಿ."

ಮುದಿಯಪ್ಪನಿಗೆ ಖಾರದ ಗಾಳಿ ತಾಕಿದರೇ ಹತ್ತು ಸೀನು. ಅದಕ್ಕಿಂತ ಹೆಚ್ಚಾಗಿ, ತನ್ನ ಫಟಫಟಿ ಒಂದೇ ಕಡೆ ನಿಂತು ಮೆಣಸಿನಕಾಯಿ ಕುಟ್ಟುವುದನ್ನು ನೋಡಲು ಅವನು ತಯಾರಿರಲಿಲ್ಲ. ಹಾಗಾಗಿ ದೌರೆಯ ಮೇಲೆ ಊರೂರು ತಿರುಗುವ ದೊಡ್ಡ ಸಾಹೇಬರಿಗೆ ಕಾಗದಪತ್ರದ ಚೀಲ ಹೊರುವ ಒಬ್ಬ ತಪಾಲು ಸವಾರ ಬೇಕಾಗಿದ್ದಾನೆ ಎಂದು ತಿಳಿದ ಕೂಡಲೇ ಹನ್ನೊಂದೂ ಸರ್ಟಿಫಿಕೇಟು ಹಚ್ಚಿ ಅರ್ಜಿ ಹಾಕಿದ್ದ.

ಯುದ್ಧ ಮುಗಿದ ಮರುವರ್ಷದ ಒಂದು ಸೋಮವಾರ, ಬೆಳಿಗ್ಗೆ ಆರಕ್ಕೆ, ಸಾಹೇಬರ ಮೋಟಾರಿನ ಡ್ರೈವರ್ ಓಬಳೆಪ್ಪ ಒಂದು ಚೀಟಿ ಕೊಟ್ಟು ಹೋದ. ಕೊಪ್ಪಳ ಆಗ ಹೈದರಾಬಾದ್ ಸೀಮೆ, ಸರಕಾರದ ಕಾಗದವೆಲ್ಲ ಉರ್ದುವಿನಲ್ಲಿ. ಮುದಿಯಪ್ಪನಿಗೆ ಉರ್ದು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎದುರು ಮನೆಯ ಖಾಜಾಬೀ ಹೆಣ್ಣುಮಕ್ಕಳ ಉರ್ದು ಶಾಲೆಯಲ್ಲಿ ಕಲಿಸುವವಳು. ಓಣಿಯವರ ಕಾಗದವೆಲ್ಲ ಅವಳೇ ಓದಬೇಕು.

"'ನಿಮ್ಮ ಅರ್ಜಿ, ಸರ್ಟಿಫಿಕೇಟು ಎಲ್ಲಾ ನೋಡೀವಿ'" ಎಂದು ಅವಳು ಕನ್ನಡದಲ್ಲಿ ಹೇಳುತ್ತ ಹೋದಳು. "'ಇವತ್ತ ಎಂಟಕ್ಕ ಬಂಗ್ಲೆಕ್ಕ ಬಂದು ತಪಾಲಿನ ಚೀಲ ತಗೊಂಡು, ಸಾಹೇಬ್ರು ಇರಕಲ್ಲಗಡಕ್ಕ ಹೊಂಟಾಗ ಸಂಗಾಟ ಬರಬೇಕು. ದಾರ್ಯಾಗ ನಿಮ್ಮ ಸವಾರಿ ನೋಡಿ ನೌಕರಿ ತೀರ್ಮಾನ ಆಗ್ತೈತಿ.' ಇಷ್ಟ ಐತಿ ನೋಡ್ರಿ."

"ಛಲೋ ಆತು" ಎಂದ ಮುದಿಯಪ್ಪ.

"ಏನ್ ಛಲೋ ಆತು?" ಎನ್ನುತ್ತ ಪಕ್ಕದ ಕಿರಾಣಿ ಅಂಗಡಿಯ ಗವಿಸಿದ್ದಪ್ಪ ಕಟ್ಟೆ ಏರಿದ. ಈತ ತನ್ನ ಅಂಗಡಿಗಿಂತ ಪಕ್ಕದವರ ಬದುಕನ್ನು ಹೆಚ್ಚು ಶ್ರದ್ಧೆಯಿಂದ ನಡೆಸುವ ಮನುಷ್ಯ. "ಸರ್ಟಿಫಿಕೇಟ್ ನೋಡೀವಿ ಅಂತ ಯಾಕ ಬರದಾರ, ತಿಳೀತೇನು? ಹನ್ನೊಂದರಾಗ ಒಂದೂ ಫಸ್ಟ್ ಇಲ್ಲ ಅನ್ನೋದು ಅವರ ಕಣ್ಣಿಗೆ ಬಿದ್ದೈತಿ. ಅದಕ್ಕ ಪರೀಕ್ಷಾ ಇಟ್ಟಾರ. ಇವತ್ತ ನಿನ್ನ ಮುಂದ ಯಾರ ಇರಲಿ, ಹಿಂದ ಹಾಕಬೇಕು. ಸಾಹೇಬ್ರ ಮೋಟಾರ್ ಇದ್ರೂನೂ."

"ಸಾಹೇಬ್ರನ್ನ ಹಿಂದ ಹಾಕೋದು ಬರೋಬರಿ ಕಾಣ್ತೈತೇನ್ರಿ, ಸಾವ್ಕಾರ್ರ?"

"ತಪಾಲು ಅಂದ್ರ ಏನು? ಲಗೂನ ಮುಟ್ಟೋದು. ಸಾಹೇಬ್ರಿಗಿಂತ ಮದಲ ಮುಟ್ಟಿದವಗ ಕೊಡಲಾರದ ನೌಕರಿ ಮತ್ಯಾರಿಗೆ ಕೊಡ್ತಾರ?"

ಖಾಜಾಬೀಗೂ ಇದು ಸರಿ ಕಂಡಿತು. ದುರಗಮ್ಮ ಮಾತ್ರ ಮೂಲದ ತೊಂದರೆಯನ್ನು ಎತ್ತಿದಳು. "ಮುಂದೇನೋ ಹೋಗ್ತಾರ್ರಿ. ಹಿಂದಿಂದ ಹಾರ್ನ್ ಕೇಳಿದ್ರ ಮತ್ತ ಎಡಕ್ಕ ತಿರುಗ್ತಾರಲ್ಲ."

ಗವಿಸಿದ್ದಪ್ಪ ಎರಡು ನಿಮಿಷ ಯೋಚಿಸಿದ. ಆಮೇಲೆ ದುರಗಮ್ಮನ ದಿಂಬನ್ನು ತರಿಸಿ, ಹೊಲಿಗೆ ಬಿಚ್ಚಿ, ಎರಡು ಮುಷ್ಟಿ ಅರಳೆ ತೆಗೆದು ಮುದಿಯಪ್ಪನ ಎರಡೂ ಕಿವಿಗೆ ತುರುಕಿದ. ಅದರ ಮೇಲೆ ತೊಗಲಿನ ಟೊಪ್ಪಿಗೆ ಎಳೆದು ಬಿಗಿದ. ಮುಂದೆ ಅವನು ಹೇಳಿದ್ದು ಮುದಿಯಪ್ಪನಿಗೆ ಕೇಳಿಸಲಿಲ್ಲ, ಬಾಯಿ ಅಲ್ಲಾಡಿದ್ದು ಮಾತ್ರ ಕಂಡಿತು. ಪೆಟ್ರೋಲಿಗೆ ಇನ್ನೂ ರೇಷನ್ ಇತ್ತು. ಇದ್ದ ಅಷ್ಟಿಷ್ಟಕ್ಕೆ ಗವಿಸಿದ್ದಪ್ಪ ತನ್ನ ಅಂಗಡಿಯ ಚಿಮಣಿ ಎಣ್ಣೆಯನ್ನು ಸುರಿದು, ಯಾರೂ ಕರೆಯದಿದ್ದರೂ ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತ. ಮುದಿಯಪ್ಪ ಹಿಂದೆ ಉಳಿದರೆ, ಎಡಕ್ಕೆ ತಿರುಗಿದರೆ ಬೆನ್ನಿಗೆ ಗುದ್ದುವುದು ಅವನ ಕೆಲಸವಂತೆ.

ಬಂಗಲೆಯಲ್ಲಿ ಓಬಳೆಪ್ಪ ಚೀಲ ಕೊಟ್ಟು ಏನೋ ಹೇಳಿದ. ಮುದಿಯಪ್ಪ ನಕ್ಕು ತಲೆ ಆಡಿಸಿದ. ಬಿಳಿ ಶೇರವಾನಿ ತೊಟ್ಟ ಸಾಹೇಬರು ಮೋಟಾರು ಹತ್ತುವ ಮೊದಲು ಇವನ ಕಡೆ ನೋಡಿ ಮುಗುಳ್ನಕ್ಕರು. ಮೋಟಾರು ಹೊರಟಿತು, ಹಿಂದೆ ಫಟಫಟಿ ಹೊರಟಿತು.

ಮೊದಲ ಐದು ಮೈಲಿ ಮುದಿಯಪ್ಪ ಸಾಹೇಬರ ಧೂಳು ಕುಡಿಯುತ್ತ ಸುಖವಾಗಿ ಹಿಂದೆಯೇ ಹೋದ. ಅದು ಅವನಿಗೆ ರೂಢಿಯ ಜಾಗ. ಆದರೆ ಬೆನ್ನ ಮೇಲೆ ಗುದ್ದುಗಳು ಬೀಳತೊಡಗಿದವು. ಒಂದು ಹಳ್ಳದ ಹತ್ತಿರ ಮೋಟಾರು ನಿಧಾನವಾದಾಗ ಬಿದ್ದ ಗುದ್ದು ಎಷ್ಟು ಜೋರಾಗಿತ್ತೆಂದರೆ, ಮುದಿಯಪ್ಪ ಕಣ್ಣುಮುಚ್ಚಿ ಬಲಗೈ ತಿರುವಿಬಿಟ್ಟ. ಫಟಫಟಿ ಜಿಗಿದು ಉಸುಕು ದಾಟಿ ಮೋಟಾರಿನ ಮುಂದೆ ಹೋಯಿತು. ಜಿಗಿದ ರಭಸಕ್ಕೆ ಗವಿಸಿದ್ದಪ್ಪ ಮಾತ್ರ ಉಸುಕಿನಲ್ಲೇ ಉಳಿದ.

ಗುದ್ದು ನಿಂತದ್ದನ್ನು ಮುದಿಯಪ್ಪ ಮೆಚ್ಚುಗೆ ಎಂದುಕೊಂಡ. ಅವನ ಮುಂದೆ ಈಗ ಯಾರೂ ಇರಲಿಲ್ಲ, ಬರೀ ರಸ್ತೆ ಇತ್ತು. ಎರಡೂ ಕಡೆ ಜೋಳದ ಹೊಲ, ಹೊಲದ ಮೇಲೆ ಎಳೆಬಿಸಿಲು. ಇಷ್ಟು ವರ್ಷ ಇದನ್ನೆಲ್ಲ ಬೇರೆಯವರ ಬೆನ್ನಿನ ಆಚೆ ಇಣುಕಿ ನೋಡಿದ್ದ ಅವನಿಗೆ ಕಣ್ಣು ತುಂಬಿ ಬಂತು. ಹಿಂದೆ ಓಬಳೆಪ್ಪ ಹಾರ್ನ್ ಒತ್ತಿದ ಕೈ ತೆಗೆಯದೆ ಏಳು ಮೈಲಿ ಬಂದನಂತೆ. ಅರಳೆ ಒಳ್ಳೆಯದಿತ್ತು, ಮುದಿಯಪ್ಪನಿಗೆ ಒಂದೂ ಕೇಳಿಸಲಿಲ್ಲ. ಚಿಮಣಿ ಎಣ್ಣೆಯ ಕರಿಹೊಗೆ, ದಾರಿಯ ಕೆಂಧೂಳು ಎರಡೂ ಸೇರಿ ಸಾಹೇಬರ ಮೋಟಾರನ್ನು ತುಂಬಿದವು, ದಾರಿ ಕಾಣದೆ ಅದು ದೂರ ಹಿಂದೆ ಉಳಿಯಿತು.

ಇರಕಲ್ಲಗಡದ ಅಗಸೆಬಾಗಿಲಲ್ಲಿ ಜನ ನೆರೆದಿತ್ತು. ಹಲಗೆ ಬಾರಿಸುವವರು ಇದ್ದರು, ಆರತಿ ಹಿಡಿದ ಹೆಂಗಸರಿದ್ದರು. ಸಾಹೇಬರು ಮೋಟಾರಿನ ಮೇಲೆ ಬರುತ್ತಾರೆ ಎಂದಷ್ಟೇ ಅವರಿಗೆ ಗೊತ್ತು, ಆ ಮೋಟಾರಿಗೆ ಎಷ್ಟು ಗಾಲಿ ಎಂದು ಯಾರೂ ಹೇಳಿರಲಿಲ್ಲ. ತೊಗಲಿನ ಟೊಪ್ಪಿಗೆ, ದೊಡ್ಡ ಕನ್ನಡಕ, ಹೆಗಲಲ್ಲಿ ಸರಕಾರದ ಚೀಲ ಕಂಡಕೂಡಲೇ ಊರಿನ ಕಂದಾಯ ನೋಡುವ ಮಾಲೀಪಾಟೀಲ ದೊಡ್ಡಬಸಪ್ಪ ಓಡಿ ಬಂದು ಚೆಂಡುಹೂವಿನ ಹಾರ ಹಾಕಿದ.

ಮುದಿಯಪ್ಪ ಸುತ್ತ ನೋಡಿದ. ತಾನು ಮೊದಲು ಬರುವುದನ್ನು ಗವಿಸಿದ್ದಪ್ಪ ಮುಂಚೆಯೇ ಇಲ್ಲಿಗೆ ಹೇಳಿಕಳಿಸಿರಬೇಕು. ಆ ಪುಣ್ಯಾತ್ಮನಿಗೆ ಇಲ್ಲಿ ನೆಂಟರಿದ್ದಾರಲ್ಲ. ಹಿಂದಿರುಗಿ ಉಪಕಾರ ನೆನೆಯಬೇಕೆಂದರೆ ಸೀಟು ಖಾಲಿ ಇತ್ತು. ನೆಂಟರ ಮನೆ ಕಡೆ ಇಳಿದು ಹೋಗಿರಬೇಕು ಎಂದುಕೊಂಡ.

ಚಾವಡಿಯ ಕುರ್ಚಿಯಲ್ಲಿ ಕೂರಿಸಿದರು, ಕುಳಿತ. ಗೋದಿ ಹುಗ್ಗಿಗೆ ತುಪ್ಪ ಸುರಿದು ಕೊಟ್ಟರು, ಎರಡು ಬಟ್ಟಲು ತಿಂದ. ದೊಡ್ಡಬಸಪ್ಪ ಕೈಮುಗಿದು ಕುಡಿಯುವ ನೀರಿನ ಬಾವಿಯ ಮಾತು ಎತ್ತಿದ. ಮುದಿಯಪ್ಪನಿಗೆ ಅವನ ಬಾಯಿ ಅಲ್ಲಾಡಿದ್ದಷ್ಟೇ ಕಂಡಿತು. ಹೊಗಳುತ್ತಿದ್ದಾನೆ ಎಂದು ನಾಚಿ, "ಆಗಲಿ, ಆಗಲಿ" ಎಂದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಂಡು ಅವನಿಗೂ ಎದ್ದು ನಾಲ್ಕು ಮಾತಾಡಬೇಕೆನಿಸಿತು.

"ಈ ಒಂದು ದಿನಕ್ಕ ಹನ್ನೊಂದು ವರ್ಸ ಕಾದಿದ್ನಿರಿ. ಎಲ್ಲಾರೂ ಒಬ್ಬೊಬ್ಬರ ನನ್ನ ದಾಟಿ ಮುಂದ ಹೋದ್ರು, ನಾ ಬ್ಯಾಸರ ಮಾಡಕೊಳ್ಳಿಲ್ಲ. ಇವತ್ತ ನಿಮ್ಮೂರಿಗೆ ಬಂದು ನನ್ನ ಜಲ್ಮ ಸಾರ್ಥಕ ಆತು."

ತಮ್ಮೂರಿಗೆ ಬರಲು ಸಾಹೇಬರು ಹನ್ನೊಂದು ವರ್ಷ ಹಂಬಲಿಸಿದ್ದರು ಎಂದು ಕೇಳಿ ಇರಕಲ್ಲಗಡದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದೇ ಹೊತ್ತಿಗೆ ಮೋಟಾರು ಬಂದು ನಿಂತಿತು. ಅದರಿಂದ ಅಡಿಯಿಂದ ಮುಡಿಯವರೆಗೆ ಧೂಳು ಮೆತ್ತಿದ ಒಬ್ಬ ಮನುಷ್ಯ ಇಳಿದ. ಶೇರವಾನಿಯ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಹಿಂದೆಯೇ, ಉಸುಕಿನಿಂದ ಎತ್ತಿ ಹತ್ತಿಸಿಕೊಂಡು ತಂದಿದ್ದ ಗವಿಸಿದ್ದಪ್ಪ ಸೊಂಟ ಹಿಡಿದುಕೊಂಡು ಇಳಿದ.

"ಸ್ವಲ್ಪ ಹಿಂದ ನಿಂದರಪಾ" ಎಂದು ದೊಡ್ಡಬಸಪ್ಪ ಆ ಧೂಳಿನ ಮನುಷ್ಯನಿಗೆ ಹೇಳಿದ. "ಸಾಹೇಬ್ರು ಮಾತಾಡಾಕ ಹತ್ಯಾರ."

ಅವರು ಮುಗುಳ್ನಕ್ಕು ಹಿಂದೆ ನಿಂತರು. ಮುದಿಯಪ್ಪ ಆ ನಗು ನೋಡಿ ಸಾಹೇಬರ ಗುರುತು ಹಿಡಿದ. ಕುರ್ಚಿ ಬಿಟ್ಟು ಓಡಿ ಬಂದು ಸಲಾಮು ಹೊಡೆದು, ಟೊಪ್ಪಿಗೆ ಕಳಚಿ ಕಿವಿಯ ಅರಳೆ ತೆಗೆದ. ದೊಡ್ಡಬಸಪ್ಪನಿಗೆ ಆಗ ಬೆವರು ಇಳಿಯಿತು. ಸಾಹೇಬರು ಮಾತ್ರ ಒಂದು ಬಿರುಸು ಮಾತೂ ಆಡಲಿಲ್ಲ. ಹೈದರಾಬಾದಿನ ಹಳೆಯ ಮನೆತನದ ಸೌಜನ್ಯ ಅದು.

"ಬಹುತ್ ಖೂಬ್, ಮುದಿಯಪ್ಪನವರೇ" ಎಂದು ಬೆನ್ನು ತಟ್ಟಿದರು. ಊರವರಿಂದ ನಡೆದದ್ದೆಲ್ಲ ಕೇಳಿಕೊಂಡು, ಅಲ್ಲೇ ಕುಳಿತು ತಮ್ಮ ಕೈಯಾರೆ ಉರ್ದುವಿನಲ್ಲಿ ಒಂದು ಕಾಗದ ಬರೆದು, ಮಡಚಿ ಕೊಟ್ಟರು. "ಮನಿಗೆ ಹೋಗಿ ಓದಿಸ್ರಿ. ಹಾರ ತೆಗೀಬ್ಯಾಡ್ರಿ, ಇರಲಿ."

ಸಂಜೆ ಮುದಿಯಪ್ಪ ಹಾರ ಹಾಕಿಕೊಂಡೇ ಕೊಪ್ಪಳದ ಓಣಿಯೊಳಗೆ ಬಂದ. ಗವಿಸಿದ್ದಪ್ಪ ಸೊಂಟದ ನೋವು ಮರೆತು, ತಾನು ಮೋಟಾರಿನಲ್ಲಿ ಸಾಹೇಬರ ಮಗ್ಗುಲಲ್ಲೇ ಕುಳಿತು, 'ಇವತ್ತ ನಮ್ಮ ಮುದಿಯಪ್ಪನ್ನ ನಿಮ್ಮ ಕೈಲೆ ಹಿಂದ ಹಾಕಾಕ ಆಗಂಗಿಲ್ರಿ' ಎಂದು ದಾರಿಯುದ್ದಕ್ಕೂ ಹೇಗೆ ಶಿಫಾರಸು ಮಾಡಿದೆನೆಂದು ಮನೆಮನೆಗೆ ಹೇಳಿ ಬಂದ. ಓಣಿಯೆಲ್ಲ ಕಟ್ಟೆಯ ಸುತ್ತ ಕೂಡಿತು. ದುರಗಮ್ಮ ಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಖಾಜಾಬೀ ಕಾಗದ ಬಿಚ್ಚಿದಳು.

"'ಇವತ್ತ ಕೊಪ್ಪಳದಿಂದ ಇರಕಲ್ಲಗಡಕ್ಕ ಹೋಗೋದರಾಗ ಮುದಿಯಪ್ಪನವರು ಪ್ರಥಮ ಬಂದ್ರು. ನಾನು ಎರಡನೇದವ ಬಂದೆ. ಇದಕ್ಕ ನನ್ನ ಸಹಿ ಐತಿ.'"

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ದುರಗಮ್ಮ ಅರ್ಧ ತಟ್ಟೆ ಬೆಲ್ಲ ಹಂಚಿಬಿಟ್ಟಳು. ಖಾಜಾಬೀ ಕೈ ಎತ್ತಿ ಸುಮ್ಮನಿರಿಸಿ ಮುಂದೆ ಓದಿದಳು. ಓದುತ್ತ ಅವಳ ದನಿ ಸಣ್ಣಗಾಯಿತು.

"'ನನ್ನ ಮದಲಿನ ಸವಾರ ಪ್ರತಿ ಊರಿಗೂ ನನಗಿಂತ ಮುಂದ ಹೋಗಿ, ನನ್ನ ಹಾರ ಹಾಕಸ್ಕೊಂಡು, ನನ್ನ ಊಟ ಉಂಡು ಕುಂದರ್ತಿದ್ದ. ಅವನ್ನ ಬಿಡಿಸಿದೆ. ಆಮ್ಯಾಲ ಬಂದ ಇಪ್ಪತ್ಮೂರು ಅರ್ಜಿ ಓದಿ ನೋಡಿದೆ. ಹನ್ನೊಂದು ವರ್ಷದಾಗ ಒಮ್ಮೆನೂ ಯಾರ ಮುಂದೂ ಬರಲಾರದ ಒಬ್ಬ ಮನುಷ್ಯ ಸಿಕ್ಕ. ನನ್ನ ಮೋಟಾರಿನ ಹಿಂದ ಬರಾಕ ಇವರಿಗಿಂತ ಛಲೋ ಯಾರೂ ಇಲ್ಲ ಅಂತ, ನೌಕರಿ ಹುಕುಂ ಬರದು ಕಿಸೇದಾಗ ಇಟ್ಕೊಂಡ ಬಂದಿದ್ದೆ. ಇರಕಲ್ಲಗಡದಾಗ ಅದನ್ನ ಹರದೀನಿ. ಅವರು ಒಪ್ಪಿಕೊಂಡ ಬಾವಿ ಮಾತ್ರ ನಾನು ತೋಡಿಸ್ತೀನಿ.'"

ಗವಿಸಿದ್ದಪ್ಪ ಅಂಗಡಿಯ ನೆನಪಾಗಿ ಸೊಂಟ ಹಿಡಿದುಕೊಂಡು ಎದ್ದು ಹೋದ. ದುರಗಮ್ಮ ಉಳಿದ ಬೆಲ್ಲವನ್ನು ಸೆರಗಿನಿಂದ ಮುಚ್ಚಿ, "ನಾಳೆ ಮುಂಜಾನೆ ಗಿರಣಿ ಅಂದಪ್ಪಗ ಬಾ ಅಂತ ಹೇಳಿಕಳಸ್ತೀನಿ" ಎಂದಳು.

"ಕಳಸು" ಎಂದ ಮುದಿಯಪ್ಪ. ಹಾರ ಸರಿಮಾಡಿಕೊಂಡು ಖಾಜಾಬೀಯ ಹತ್ತಿರ ಸರಿದು ಕುಳಿತ. "ಅಕ್ಕೋರ, ಮ್ಯಾಲಿನ ಆ ಒಂದನೇ ಸಾಲು ಇನ್ನೊಮ್ಮಿ ಓದ್ರಿ. ಸಾವಕಾಶ ಓದ್ರಿ."