ನಾನು ನೋಡಿದರೆ ಔಟ್

ಕೆಲವರ ಕಾಲ್ಗುಣ ಸರಿಯಿರುವುದಿಲ್ಲ. ನನ್ನದು ಕಣ್ಣಿನ ತೊಂದರೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ. ನಾನು ನೋಡುತ್ತಾ ಕೂತರೆ ಬ್ಯಾಟು ಹಿಡಿದವನು ಔಟಾಗುತ್ತಾನೆ, ಅಷ್ಟೆ. ಮೈಸೂರಿನಲ್ಲಿ ಟೀವಿಯಲ್ಲಿ ಕ್ರಿಕೆಟ್ ಬರುವಾಗ ಅಣ್ಣಂದಿರು ನನ್ನನ್ನು ಅಡುಗೆಮನೆಗೆ ಅಟ್ಟುತ್ತಿದ್ದರು. ಅಮೆರಿಕದ ಇರ್ವಿಂಗ್‌ಗೆ ಬಂದ ಮೇಲಾದರೂ ಈ ಖ್ಯಾತಿ ತೊಲಗೀತು ಎಂದುಕೊಂಡಿದ್ದೆ. ಆದರೆ ಮಗ ನಕುಲ ಬೇಸ್‌ಬಾಲ್ ಹಿಡಿದ.

ಅವನು ಆಸ್ಟಿನ್‌ನ ಕಾಲೇಜಿನಲ್ಲಿ ಆಡುತ್ತಿದ್ದಾಗ, ನಾನು ಕಡಲೆಕಾಯಿ ತರಲು ಎದ್ದುಹೋದ ಹೊತ್ತಿಗೇ ಚೆಂಡನ್ನು ಬೇಲಿಯಾಚೆ ಕಳಿಸಿದ. ಹೆಂಡತಿ ಸುಮಾ ಇದನ್ನು ಗಮನಿಸಿದಳು. ಅಂದಿನಿಂದ ಅವನ ಸರದಿ ಬಂದಾಗಲೆಲ್ಲ, “ರೀ, ಸ್ವಲ್ಪ ಹೊರಗೆ ಹೋಗ್ಬನ್ನಿ” ಎನ್ನುವುದು ರೂಢಿಯಾಯಿತು. ಓದು ಮುಗಿಸಿ ಅವನು ಮೈನರ್ ಲೀಗ್ ಸೇರಿದ. ದೊಡ್ಡ ತಂಡ ಮುಟ್ಟುವ ಮೊದಲು ಹತ್ತಬೇಕಾದ ಮೆಟ್ಟಿಲುಗಳವು. ಬಸ್ಸಿನಲ್ಲಿ ಊರೂರು ಅಲೆದು, ಬಹಳ ಮಂದಿ ಅರ್ಧದಲ್ಲೇ ಮನೆಗೆ ಮರಳುತ್ತಾರೆ. ನಮ್ಮವನು ಡಲ್ಲಾಸ್ ಹತ್ತಿರದ ತಂಡಕ್ಕೆ ಬಂದ, ಅಲ್ಲಿಂದ ಆಸ್ಟಿನ್ ಪಕ್ಕದ ಇನ್ನೂ ಮೇಲಿನ ತಂಡಕ್ಕೆ ಏರಿದ. ನಾನು ಎರಡೂ ಕಡೆಯ ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಕಾಯಿಸಿಕೊಂಡೆ.

ಒಂದು ಸಂಜೆ ನಕುಲನ ಫೋನ್ ಬಂತು. ದೊಡ್ಡ ತಂಡಕ್ಕೆ ಕರೆದಿದ್ದಾರೆ, ಮೊದಲ ಪಂದ್ಯ ಹ್ಯೂಸ್ಟನ್‌ನಲ್ಲಿ, ಅಲ್ಲಿನವರ ಮೇಲೇ ಎಂದ. ಆಮೇಲೆ, ತಾನು ಬ್ಯಾಟು ಹಿಡಿದಾಗಲೆಲ್ಲ ನನ್ನ ಸೀಟು ಖಾಲಿಯಿರುತ್ತದೆ, ಈ ಆಟ ನನಗೆ ಇಷ್ಟವಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿದ್ದು ಬಿದ್ದು ನಕ್ಕು, “ಅಪ್ಪಾ, ಈ ಸಲ ಕೂತೇ ಇರಿ” ಎಂದ.

ಕೂತೆ. ಮೊದಲ ಸರದಿಯಲ್ಲಿ ಬ್ಯಾಟು ಬರೀ ಗಾಳಿ ಬೀಸಿತು, ಔಟಾದ. ಸುಮಾ ನನ್ನತ್ತ ದುರುಗುಟ್ಟಿದಳು. ನಾನು ಏಳುವಷ್ಟರಲ್ಲಿ, ಕೆಳಗಿನಿಂದ ನಕುಲ ಕೂರುವಂತೆ ಕೈಸನ್ನೆ ಮಾಡಿದ. ಬೇಸ್‌ಬಾಲಿನಲ್ಲಿ ಔಟಾದವನಿಗೂ ಮತ್ತೆ ಸರದಿ ಬರುತ್ತದೆ. ಆ ಮುಂದಿನ ಸರದಿಗೆ ಧೈರ್ಯ ಸಾಲದೆ ಕಣ್ಣು ಮುಚ್ಚಿದೆ. ಟಕ್ ಎಂದಿತು. ಆಮೇಲೆ ಇಡೀ ಸ್ಟೇಡಿಯಂ ಗಪ್‌ಚಿಪ್. ಕ್ಯಾಚ್ ಕೊಟ್ಟ, ನನ್ನ ದೆಸೆಯಿಂದ ಅವನು ಮತ್ತೆ ಮೈನರ್ ಲೀಗಿನ ಬಸ್ಸು ಹತ್ತಬೇಕು ಎಂದು ಹೆದರಿ ಕಣ್ಣುಬಿಟ್ಟರೆ, ಅಷ್ಟು ಜನರ ನಡುವೆ ಸುಮಾ ಒಬ್ಬಳೇ ಕುಣಿಯುತ್ತಿದ್ದಾಳೆ. ಚೆಂಡು ಗ್ಯಾಲರಿಯಲ್ಲಿತ್ತು. ಎದುರಾಳಿಯ ಊರಿನವರು ನಮ್ಮ ಹುಡುಗನಿಗೇಕೆ ಕೂಗುತ್ತಾರೆ? ನಕುಲ ಮೈದಾನ ಸುತ್ತುತ್ತಾ ನನ್ನತ್ತ ಕೈಯೆತ್ತಿದ. ನಾನು ನಾಚಿಕೆಯಿಲ್ಲದೆ ಅತ್ತೆ.

“ನೋಡಿದ್ರಾ?” ಎಂದಳು ಸುಮಾ.

“ಇಲ್ಲ, ಕಣ್ಣು ಮುಚ್ಕೊಂಡಿದ್ದೆ.”

“ಹಾಗೆ ಹೇಳಿ ಮತ್ತೆ” ಎಂದು, ಮುಂದಿನ ಸರದಿಗೆ ನನ್ನ ಕಣ್ಣಿಗೆ ಕಟ್ಟಲು ದುಪಟ್ಟಾ ತೆಗೆದಳು. ಇಂಜಿನಿಯರಿಂಗ್ ಓದಿದ ನಾನು ತಲೆ ಬಗ್ಗಿಸಿದೆ.